ಒಂಬತ್ತೇ ದಿನ ಯಾಕೆ?

ಪ್ರಶ್ನೆ: ಮಕ್ಕಳು ಜಮೀನು ಮಾರಿ ಬೇರೆಯಾಗುವ ಹೊತ್ತಿನಲ್ಲಿ ಪಕ್ಕದ ಮನೆಯ ಕ್ರೈಸ್ತ ಅಜ್ಜಿ ಒಂಬತ್ತು ದಿನ ‘ನವೇನ’ ಮಾಡಿದರು. ಒಂಬತ್ತೇ ಯಾಕೆ?
– ಓದುಗರು, ದೇವನಹಳ್ಳಿ

ಉತ್ತರ: ನವೇನ ಎಂದರೆ ಒಂಬತ್ತು ದಿನದ ಪ್ರಾರ್ಥನೆ. ಲ್ಯಾಟಿನ್‌ನಲ್ಲಿ ‘ನೋವೆಮ್’ ಎಂದರೆ ಒಂಬತ್ತು; ನಮ್ಮ ‘ನವ’ಕ್ಕೆ ದೂರದ ನೆಂಟ. ಯೇಸುಸ್ವಾಮಿ ಸ್ವರ್ಗಕ್ಕೇರಿದ ಮೇಲೆ ಶಿಷ್ಯರೂ ತಾಯಿ ಮರಿಯಮ್ಮನೂ ಜೆರುಸಲೇಮಿನ ಮಹಡಿಯ ಕೋಣೆಯಲ್ಲಿ ಪ್ರಾರ್ಥಿಸುತ್ತ ಕಾದರು. ಪವಿತ್ರಾತ್ಮ ಇಳಿದದ್ದು ಪೆಂತೆಕೋಸ್ತ್ ದಿನ. ನಡುವಿನ ಒಂಬತ್ತು ದಿನವೇ ಈ ಲೆಕ್ಕದ ಮೂಲ. ಆಸರೆಯಾಗಿದ್ದವರು ಹೊರಟುಹೋದರು, ಮುಂದೇನೋ ತಿಳಿಯದು ಎನ್ನುವಂಥ ದಿನಗಳವು. ಅಜ್ಜಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಗಿ ಜಮೀನುಗಳು ಮಾರಾಟವಾದ ಮೇಲೆ ನಿಮ್ಮ ಕಡೆ ಒಂದೇ ಒಲೆಯ ಮನೆಗಳು ಎಷ್ಟು ಉಳಿದಿವೆ, ನೀವೇ ಬಲ್ಲಿರಿ.

ನವೇನದ ಜೊತೆ ಹಲವರು ಜಪಸರವನ್ನೂ ಹಿಡಿಯುತ್ತಾರೆ. ಒಂದು ಸುತ್ತಿಗೆ 53 ಸಲ ‘ನಮೋ ಮರಿಯ’. ಹೆಬ್ಬೆರಳು ಒಂದೊಂದೇ ಮಣಿ ದಾಟಿಸುತ್ತಿದ್ದಂತೆ ಉಸಿರು ನಿಧಾನವಾಗುತ್ತದೆ. 2001ರಲ್ಲಿ ಇಟಲಿಯ ವೈದ್ಯರು ಅಳೆದೇ ನೋಡಿದರು: ನಿಮಿಷಕ್ಕೆ ಸುಮಾರು 6 ಉಸಿರು. ಮಂತ್ರಜಪದಲ್ಲೂ ಅಷ್ಟೇ! ಭಕ್ತಿಯನ್ನು ಅಳೆಯುವ ಯಂತ್ರ ಅವರ ಬಳಿ ಇರಲಿಲ್ಲವೆನ್ನಿ.

ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲೂ ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚೆ ನವೇನ ನಡೆಯುತ್ತದೆ; ಹರಕೆ ಹೊತ್ತವರು ಕೇಸರಿ ಉಡುತ್ತಾರೆ. ಅಜ್ಜಿಯ ಪೆಟ್ಟಿಗೆಯಲ್ಲೂ ಅಂಥದೊಂದು ಸೀರೆ ಇರಬಹುದು, ಕೇಳಿ ನೋಡಿ.