ಗ್ರಾಫಿಕ್ಸ್ ಕಾರ್ಡ್ ಇದ್ದೂ ನಿಧಾನವೇಕೆ? ಲಿನಕ್ಸ್‌ನಲ್ಲಿ ತಪಾಸಣೆಯ ಕ್ರಮ

ಲಿನಕ್ಸ್ ಕಂಪ್ಯೂಟರಿನಲ್ಲಿ ವಿಂಡೋ ಎಳೆದಾಗ ಅದು ತಡೆತಡೆದು ಸರಿಯುವುದು, ವಿಡಿಯೊ ತುಂಡುತುಂಡಾಗಿ ಓಡುವುದು, ಆಟ ತೆರೆದೊಡನೆ ಫ್ಯಾನಿನ ಸದ್ದು ಏರುವುದು ಕಂಡುಬಂದಾಗ, ಗ್ರಾಫಿಕ್ಸ್ ಕಾರ್ಡ್ ಕೆಟ್ಟಿತೆಂದು ಭಾವಿಸಿ ಹೊಸದರ ಬೆಲೆ ವಿಚಾರಿಸಲು ಹೊರಡುವವರು ಬಹಳ. ಆದರೆ ಎಷ್ಟೋ ಸಂದರ್ಭಗಳಲ್ಲಿ ಕಾರ್ಡ್ ಸುಸ್ಥಿತಿಯಲ್ಲಿಯೇ ಇದ್ದು, ಮಾಡಬೇಕಾದ ಕೆಲಸ ಮಾತ್ರ ಅದರ ಬಳಿಗೆ ಹೋಗುತ್ತಿರುವುದಿಲ್ಲ. ಆದಕಾರಣ ಯಾವ ಸೆಟ್ಟಿಂಗನ್ನೂ ಬದಲಿಸುವ ಮುನ್ನ, ಪರದೆಯ ಮೇಲಿನ ಚಿತ್ರವನ್ನು ಯಂತ್ರದ ಯಾವ ಭಾಗ ಬಿಡಿಸುತ್ತಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಆಟ, ಬ್ರೌಸರ್ ಮೊದಲಾದ ತಂತ್ರಾಂಶಗಳು ಕಾರ್ಡಿನೊಡನೆ ನೇರವಾಗಿ ವ್ಯವಹರಿಸದೆ, ಓಪನ್‌ಜಿಎಲ್ ಅಥವಾ ವಲ್ಕನ್ ಎಂಬ ನಿಗದಿತ ಆದೇಶಗಳ ಮೂಲಕ ಚಿತ್ರವನ್ನು ಕೇಳುತ್ತವೆ. ಆ ಆದೇಶಗಳನ್ನು ಆಯಾ ಕಾರ್ಡಿಗೆ ತಿಳಿಯುವ ರೂಪಕ್ಕೆ ತರುವ ಕೆಲಸವನ್ನು ಸಾಮಾನ್ಯವಾಗಿ ಮೆಸಾ ಎಂಬ ಮುಕ್ತ ತಂತ್ರಾಂಶ ಮಾಡಿದರೆ, ಅವನ್ನು ಕಾರ್ಡಿಗೆ ಮುಟ್ಟಿಸುವ ಹೊಣೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗಿನ ಡ್ರೈವರಿನದು. ಬ್ರಯಾನ್ ಪಾಲ್ 1993ರಲ್ಲಿ ಮೆಸಾವನ್ನು ಬರೆಯತೊಡಗಿದಾಗ ಅದು ಕಾರ್ಡಿನ ನೆರವಿಲ್ಲದೆ ಪ್ರೊಸೆಸರಿನಿಂದಲೇ ಚಿತ್ರ ಬಿಡಿಸುತ್ತಿತ್ತು. ಆ ಗುಣ ಎಲ್‌ಎಲ್‌ವಿಎಂಪೈಪ್ ಎಂಬ ಅಂಗದ ರೂಪದಲ್ಲಿ ಇಂದಿಗೂ ಉಳಿದಿದ್ದು, ತಕ್ಕ ಡ್ರೈವರ್ ಸಿಗದಿದ್ದಾಗ ಡೆಸ್ಕ್‌ಟಾಪ್ ನಿಂತುಹೋಗದಂತೆ ಕಾಯುತ್ತದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಬಳಕೆದಾರರಿಗೆ ಯಾವ ಎಚ್ಚರಿಕೆಯೂ ಕಾಣದಂತೆ ನಡೆಯುವುದರಿಂದ ಮೂಲ ತೊಡಕು ಮುಚ್ಚಿಹೋಗುತ್ತದೆ. 1920×1080ರ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಬಿಂದುಗಳಿದ್ದು, ಅವನ್ನು ಸೆಕೆಂಡಿಗೆ 60 ಬಾರಿ ಹೊಸದಾಗಿ ತುಂಬಬೇಕು. ನಾಟಿಯ ಗದ್ದೆಯಲ್ಲಿ ಆಳುಗಳ ಸಾಲು ಒಟ್ಟಿಗೆ ಸಸಿ ಊರುವಂತೆ ಕಾರ್ಡಿನ ಸಾವಿರಾರು ಸಣ್ಣ ಘಟಕಗಳು ಏಕಕಾಲದಲ್ಲಿ ಮಾಡುವ ಈ ಕೆಲಸ ಪ್ರೊಸೆಸರಿನ ಕೆಲವೇ ಕೋರ್‌ಗಳ ಮೇಲೆ ಬಿದ್ದಾಗ, ಫ್ಯಾನಿನ ಸದ್ದೂ ಪರದೆಯ ತಡವರಿಕೆಯೂ ಜೊತೆಜೊತೆಯಾಗಿ ಕಾಣಿಸಿಕೊಳ್ಳುತ್ತವೆ.

ಪರೀಕ್ಷೆ ಸುಲಭ. ಉಬುಂಟು, ಡೆಬಿಯನ್‌ಗಳಲ್ಲಿ ಮೆಸಾ-ಯುಟಿಲ್ಸ್ ಪ್ಯಾಕೇಜನ್ನು ಹಾಕಿಕೊಂಡು, ಟರ್ಮಿನಲ್‌ನಲ್ಲಿ ಜಿಎಲ್‌ಎಕ್ಸ್‌ಇನ್ಫೋ ಆಜ್ಞೆಯನ್ನು ಮೈನಸ್ ಬಿ (ದೊಡ್ಡಕ್ಷರ) ಆಯ್ಕೆಯೊಡನೆ ಕೊಟ್ಟರೆ, ‘ಓಪನ್‌ಜಿಎಲ್ ರೆಂಡರರ್ ಸ್ಟ್ರಿಂಗ್’ ಎಂಬ ಸಾಲಿನಲ್ಲಿ ಉತ್ತರ ಸಿಗುತ್ತದೆ. ಅಲ್ಲಿ ಕಾರ್ಡಿನ ಹೆಸರಿದ್ದರೆ ಕೆಲಸ ಕಾರ್ಡಿಗೆ ತಲುಪುತ್ತಿದೆ. ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಇಲ್ಲ. ಆಗ ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಮೈನಸ್ ಕೆ ಆಯ್ಕೆಯೊಡನೆ ಓಡಿಸಿ, ಕಾರ್ಡಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದೆಯೇ ಎಂದು ನೋಡಬೇಕು. ಆ ಸಾಲೇ ಇಲ್ಲದಿರಲು ಕಾರಣಗಳು ಹಲವು: ಕರ್ನಲ್ ಅಪ್‌ಡೇಟ್ ಆದ ಮೇಲೆ ಪ್ರತ್ಯೇಕವಾಗಿ ಹಾಕಿದ ಡ್ರೈವರ್ ಅದಕ್ಕೆ ತಕ್ಕಂತೆ ಮರುನಿರ್ಮಾಣವಾಗದಿರಬಹುದು; ಸೆಕ್ಯೂರ್ ಬೂಟ್ ಎಂಬ ರಕ್ಷಣಾ ವ್ಯವಸ್ಥೆ ಸಹಿಯಿಲ್ಲದ ಡ್ರೈವರನ್ನು ತಡೆದಿರಬಹುದು; ಅನುಸ್ಥಾಪನೆಯ ವೇಳೆ ಸೇರಿಸಿದ ನೋಮೋಡ್‌ಸೆಟ್ ಎಂಬ ಸೂಚನೆ ತೆಗೆಯದೆ ಉಳಿದಿರಬಹುದು. ಕಾರ್ಡಿಗೆ ಬೇಕಾದ ಫರ್ಮ್‌ವೇರ್ ಕಡತ ಇಲ್ಲದಿದ್ದರಂತೂ ಡಿಮೆಸ್ಜ್ ಆಜ್ಞೆ ತೋರಿಸುವ ಕರ್ನಲ್ ದಿನಚರಿಯಲ್ಲಿ ಆ ಕಡತದ ಹೆಸರೇ ಸಾಮಾನ್ಯವಾಗಿ ದಾಖಲಾಗಿರುತ್ತದೆ.

ಡ್ರೈವರ್ ಇದ್ದೂ ವೇಗ ಬಾರದ ಪ್ರಸಂಗಗಳಲ್ಲಿ ಎನ್‌ವಿಡಿಯಾ ಕಾರ್ಡುಗಳದೇ ಒಂದು ಪ್ರತ್ಯೇಕ ಇತಿಹಾಸವಿದೆ. ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಮುಕ್ತ ಡ್ರೈವರುಗಳು ಕರ್ನಲ್‌ನಲ್ಲಿಯೇ ಅಡಕವಾಗಿದ್ದರೆ, ಎನ್‌ವಿಡಿಯಾ ಕಾರ್ಡುಗಳಿಗಾಗಿ ಸ್ವಯಂಸೇವಕರು ಯಂತ್ರಾಂಶದ ನಡವಳಿಕೆಯನ್ನು ಹೊರಗಿನಿಂದಲೇ ಅಭ್ಯಸಿಸಿ ನೂವೋ ಎಂಬ ಡ್ರೈವರನ್ನು ಕಟ್ಟಿದರು. ಕಾರ್ಡಿನ ಗಡಿಯಾರ ವೇಗವನ್ನು ಏರಿಸಲು ಜಿಟಿಎಕ್ಸ್ 900 ಶ್ರೇಣಿಯಿಂದ ಕಂಪನಿಯ ಸಹಿಯುಳ್ಳ ಫರ್ಮ್‌ವೇರ್ ಬೇಕಾಯಿತು. ಅದು ದೊರೆಯದ ಕಾರಣ 900 ಮತ್ತು 1000 ಶ್ರೇಣಿಯ ಕಾರ್ಡುಗಳು ನೂವೋದಡಿ ಯಂತ್ರ ಚಾಲೂ ಆದಾಗಿನ ತಗ್ಗಿನ ವೇಗದಲ್ಲಿಯೇ ಉಳಿಯುತ್ತವೆ. ಅಪಾರ ಶ್ರಮದಿಂದ ರೂಪುಗೊಂಡ ಸಾರ್ವಜನಿಕ ಕೃತಿಯೊಂದು ಕೇವಲ ಒಂದು ಸಹಿಯ ಅಭಾವದಿಂದ ಕುಂಟಬೇಕಾದುದು ವಿಷಾದದ ಸಂಗತಿ. 2018ರ ಟ್ಯೂರಿಂಗ್ ಪೀಳಿಗೆಯಿಂದ ಕಾರ್ಡಿನೊಳಗೇ ಇರುವ ಜಿಎಸ್‌ಪಿ ಎಂಬ ನಿಯಂತ್ರಕ ಈ ಹೊಣೆ ಹೊರಬಲ್ಲುದಾಯಿತು. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಕರ್ನಲ್ ಡ್ರೈವರಿನ ಆಕರವನ್ನು ಪ್ರಕಟಿಸಿತು. 2024ರ ಜನವರಿಯಲ್ಲಿ ಬಂದ ಕರ್ನಲ್ 6.7ರಲ್ಲಿ ನೂವೋಗೂ ಜಿಎಸ್‌ಪಿ ಬಳಸುವ ದಾರಿ ತೆರೆಯಿತು. ಟ್ಯೂರಿಂಗ್‌ಗಿಂತ ಹಳೆಯ 900, 1000 ಶ್ರೇಣಿಗಳಿಗೆ ಕಂಪನಿಯ ಸ್ವಂತ ಡ್ರೈವರೇ ಗತಿಯಾಗಿದ್ದು, ಅವನ್ನು ಬೆಂಬಲಿಸುವ ಕೊನೆಯ ಸರಣಿ 580 ಆಗಿರುವುದರಿಂದ, ಆ ಕಾರ್ಡುಳ್ಳವರು ಮುಂದಿನ ಸರಣಿಗೆ ಏರದಂತೆ ಎಚ್ಚರ ವಹಿಸಬೇಕು.

ಎರಡು ಗ್ರಾಫಿಕ್ಸ್ ಚಿಪ್‌ಗಳಿರುವ ಲ್ಯಾಪ್‌ಟಾಪಿನಲ್ಲಿ ವಿದ್ಯುತ್ ಉಳಿಸಲು ಚಿಕ್ಕದೇ ಕೆಲಸ ಮಾಡುತ್ತಿರುತ್ತದೆ; ಮುಕ್ತ ಡ್ರೈವರುಗಳಿದ್ದಲ್ಲಿ ಆಜ್ಞೆಯ ಆರಂಭದಲ್ಲಿ ‘ಡಿಆರ್‌ಐ_ಪ್ರೈಮ್=1’ ಎಂದು ಸೇರಿಸಿದರೆ ದೊಡ್ಡದು ಕೆಲಸಕ್ಕೆ ಇಳಿಯುತ್ತದೆ. ಮೇಜಿನ ಕಂಪ್ಯೂಟರಿನಲ್ಲಿ ಮಾನಿಟರಿನ ಕೇಬಲ್ ಕಾರ್ಡಿಗೆ ಬದಲಾಗಿ ಮದರ್‌ಬೋರ್ಡಿಗೆ ಸಿಕ್ಕಿಸಿರುವುದೂ ಉಂಟು. ಜಿಎಲ್‌ಎಕ್ಸ್‌ಗೇರ್ಸ್ ಎಂಬ ತಿರುಗುವ ಗಾಲಿಗಳ ಚಿತ್ರ ಸೆಕೆಂಡಿಗೆ 60 ಬಾರಿಗೆ ನಿಂತಿದೆಯೆಂದು ಮಾತ್ರ ಯಾರೂ ಗಾಬರಿಯಾಗಬೇಕಿಲ್ಲ. ಅದು ಮಾನಿಟರಿನ ವೇಗಕ್ಕೆ ಹೊಂದಿಕೊಂಡು ಓಡುತ್ತದೆಯೇ ಹೊರತು ಕಾರ್ಡಿನ ಶಕ್ತಿಯನ್ನು ಅಳೆಯುವುದಿಲ್ಲ.

ಉಳಿದೆಲ್ಲವೂ ಸರಿಯಿದ್ದು ವಿಡಿಯೊ ಮಾತ್ರ ಎಡವುತ್ತಿದ್ದರೆ ದೋಷವನ್ನು ಬೇರೆಡೆ ಹುಡುಕಬೇಕು, ಏಕೆಂದರೆ ಸಂಕುಚಿತ ವಿಡಿಯೊವನ್ನು ಬಿಚ್ಚುವ ಕೆಲಸಕ್ಕೆ ಕಾರ್ಡಿನಲ್ಲಿ ಬೇರೆಯೇ ಘಟಕವಿದ್ದು, ವಿಎ-ಎಪಿಐ ಎಂಬ ಪ್ರತ್ಯೇಕ ಮಾರ್ಗದಿಂದ ಅದನ್ನು ತಲುಪಲಾಗುತ್ತದೆ. ಪೇಟೆಂಟ್ ತೊಡಕಿನಿಂದಾಗಿ ಫೆಡೋರಾ 2022ರಲ್ಲಿ ತನ್ನ ಮೆಸಾದಿಂದ ಎಚ್.264 ಮತ್ತು ಎಚ್.265 ಬಿಚ್ಚುವ ಸೌಲಭ್ಯವನ್ನು ತೆಗೆದುಹಾಕಿತು. ಎಎಂಡಿ ಕಾರ್ಡುಳ್ಳವರು ಅಲ್ಲಿ ವಿಎಇನ್ಫೋ ಆಜ್ಞೆಯ ಪಟ್ಟಿಯಲ್ಲಿ ಈ ಎರಡು ಹೆಸರುಗಳನ್ನು (ಎಚ್.265ಕ್ಕೆ ಆ ಪಟ್ಟಿಯಲ್ಲಿ ಎಚ್‌ಇವಿಸಿ ಎಂಬ ಹೆಸರು) ಕಾಣದಿದ್ದರೆ, ಆರ್‌ಪಿಎಂ ಫ್ಯೂಷನ್ ಭಂಡಾರದಿಂದ ಪೂರ್ಣ ರೂಪದ ಡ್ರೈವರನ್ನು ಹಾಕಿಕೊಂಡು ಅದೇ ಆಜ್ಞೆಯನ್ನು ಮತ್ತೊಮ್ಮೆ ಓಡಿಸಿ ನೋಡಬಹುದು.