ಬಗದಾದಿನ ಬರಾಥಾ ಮಸೀದಿ

ಬಗದಾದು ನಗರದ ಪಶ್ಚಿಮಭಾಗದಲ್ಲಿ, ಕರ್ಖ್ ಎಂಬ ಪ್ರದೇಶಕ್ಕೆ ಸೇರಿದಂತೆ, ಬರಾಥಾ ಎಂಬ ಕೇರಿಯಿದ್ದಿತು. ಖಲೀಫ ಮನ್ಸೂರನು ಕ್ರಿ. ಶ. 762ರಲ್ಲಿ ನಗರವನ್ನು ಕಟ್ಟಿಸುವುದಕ್ಕೆ ಮುಂಚೆ ಅದು ಒಂದು ಗ್ರಾಮವಾಗಿದ್ದಿತು. 658ರಲ್ಲಿ ನಹರವಾನಿನ ಯುದ್ಧದ ಕಾಲದಲ್ಲಿ ಅಲಿಯವರು ಅಲ್ಲಿ ನಮಾಜು ಮಾಡಿದರೆಂಬ ಐತಿಹ್ಯದಿಂದ ಆ ಸ್ಥಳವು ಷಿಯಾ ಜನರಿಗೆ ಪೂಜ್ಯವಾಯಿತು. ಅಲ್ಲಿ ಅವರ ಮಸೀದಿಯೂ ಉಂಟಾಯಿತು.

ಶುಕ್ರವಾರದ ನಮಾಜಿನಲ್ಲಿ ಓದುವ ಖುತ್ಬಾ ಎಂಬ ಪ್ರವಚನದಲ್ಲಿ ಆಳುವ ಪ್ರಭುವಿನ ಹೆಸರನ್ನು ಹೇಳುವುದು ಪದ್ಧತಿ. ಹೆಸರನ್ನು ಬಿಟ್ಟರೆ ಪ್ರಭುತ್ವವನ್ನೇ ನಿರಾಕರಿಸಿದಂತೆ. ಆದುದರಿಂದ ಮಸೀದಿಯು ಕೇವಲ ಪ್ರಾರ್ಥನಾಸ್ಥಾನವಲ್ಲ, ರಾಜನಿಷ್ಠೆಯ ಪರೀಕ್ಷಾಸ್ಥಾನವೂ ಆಗಿದ್ದಿತು. ಬರಾಥಾದ ಇತಿಹಾಸಕ್ಕೆ ಇದೇ ಕೀಲಕವು.

924ರಲ್ಲಿ ಕರ್ಮಾತಿಯರೆಂಬ ಇಸ್ಮಾಯಿಲೀ ಪಂಗಡದವರು ಹಜ್ ಯಾತ್ರಿಕರ ತಂಡವನ್ನು ಕೊಳ್ಳೆಹೊಡೆದುದರಿಂದ ರಾಜಧಾನಿಯು ತಲ್ಲಣಿಸಿತು. ಮರುವರ್ಷ, ಅಂದರೆ ಹಿಜರಿ 313ರಲ್ಲಿ, ಖಲೀಫ ಮುಕ್ತದಿರನ ಆಜ್ಞೆಯಿಂದ ಬರಾಥಾದಲ್ಲಿ ನೆರೆದಿದ್ದ ಮೂವತ್ತು ಜನರನ್ನು ಹಿಡಿಯಲಾಯಿತು. ಅವರಲ್ಲಿ ಇಮಾಮನ ಹೆಸರುಳ್ಳ ಬಿಳಿಯ ಮಣ್ಣಿನ ಮುದ್ರೆಗಳು ದೊರೆತುವೆಂದು ಇಬ್ನುಲ್ ಜೌಜಿಯು ಬರೆದಿದ್ದಾನೆ. ಆದರೆ ಮಸೀದಿಯನ್ನು ಕೆಡಹುವುದು ಸುಲಭವೇ? ಅದಕ್ಕೆ ಶಾಸ್ತ್ರಾಧಾರವು ಬೇಕಾಯಿತು. ಕುರಾನಿನ ಒಂಬತ್ತನೆಯ ಅಧ್ಯಾಯದಲ್ಲಿ ಭೇದವನ್ನು ಹುಟ್ಟಿಸುವುದಕ್ಕಾಗಿ ಕಟ್ಟಿದ ಮಸೀದಿಯ ಪ್ರಸ್ತಾಪವುಂಟು. ಬರಾಥಾ ಅಂತಹುದೇ ಎಂದು ಧರ್ಮಶಾಸ್ತ್ರಜ್ಞರು ತೀರ್ಪಿತ್ತರು. ಕಟ್ಟಡವು ನೆಲಸಮವಾಯಿತು; ಸ್ಥಳವು ಸ್ಮಶಾನವಾಯಿತು.

ಈ ಕಾರ್ಯವನ್ನು ಮಾಡಿಸಿದವನು ಯಾರೆಂಬುದರಲ್ಲಿ ಮತಭೇದವಿದೆ. ಯಾಕೂತನು ಖಲೀಫ ರಾದಿಯನ್ನು ಹೆಸರಿಸುತ್ತಾನೆ. ಖತೀಬ್ ಬಗದಾದಿಯು ಮುಕ್ತದಿರನನ್ನು ಹೇಳುತ್ತಾನೆ. ಖತೀಬನು ಯಾಕೂತನಿಗಿಂತ ಒಂದೂವರೆ ಶತಮಾನದಷ್ಟು ಹಿಂದಿನವನೂ ಬಗದಾದಿನವನೂ ಆದುದರಿಂದ ಅವನ ಮಾತೇ ಗ್ರಾಹ್ಯವು. ರಾದಿಯ ಹೆಸರು ಈ ಕಥೆಯಲ್ಲಿ ಬಂದಿರುವುದಕ್ಕೆ ಬೇರೊಂದು ಕಾರಣವುಂಟು. ಹಿಜರಿ 328ರಲ್ಲಿ ಷಿಯಾ ಜನರು ಸೇನಾಧಿಪತಿಯಾದ ಬಜ್ಕಮನಲ್ಲಿ ಮೊರೆಯಿಟ್ಟರು. ಅವನು ಮಸೀದಿಯನ್ನು ವಿಸ್ತಾರವಾಗಿ ಕಟ್ಟಿಸಿ, ಅದರ ಮುಂಭಾಗದಲ್ಲಿ ರಾದಿಯ ಹೆಸರನ್ನು ಬರೆಯಿಸಿದನು. ಪ್ರಜೆಗಳು ಖಲೀಫನನ್ನು ಬಿಟ್ಟು ಸೇನಾಧಿಪತಿಯಲ್ಲಿ ಬೇಡಿದರೆಂಬುದೇ ಅಧಿಕಾರವು ಎತ್ತ ಜಾರಿತ್ತೆಂಬುದನ್ನು ತೋರಿಸುವುದು. ಮುಂದಿನ ಖಲೀಫ ಮುತ್ತಕಿಯು ಹಾರೂನ್ ರಷೀದನ ಹೆಸರುಳ್ಳ ಹಳೆಯ ಪ್ರವಚನಪೀಠವನ್ನು ಅಲ್ಲಿಗೆ ತರಿಸಿದನು. 941ರಲ್ಲಿ ಶುಕ್ರವಾರದ ನಮಾಜು ಆರಂಭವಾಯಿತು. ಗೋಡೆಯು ಷಿಯಾ ಜನರಿಗೆ ಮರಳಿತು. ಗೋಡೆಯ ಮೇಲಣ ಹೆಸರು ಖಲೀಫನದಾಗಿಯೇ ಉಳಿಯಿತು.

945ರಲ್ಲಿ ಷಿಯಾ ಮತದವರಾದ ಬುವೈಹಿಗಳು ಬಗದಾದನ್ನು ವಶಪಡಿಸಿಕೊಂಡರು. ಆದರೂ ವಿವಾದವು ಅಡಗಲಿಲ್ಲ. 1029ರಲ್ಲಿ ಖಲೀಫ ಕಾದಿರನು ಬರಾಥಾಕ್ಕೆ ಸುನ್ನಿ ಪ್ರವಚನಕಾರನನ್ನು ನೇಮಿಸಿದನು. ಅವನು ಅಲಿಯವರ ರೂಢಿಯ ಸ್ತುತಿಯನ್ನು ಬಿಟ್ಟುದರಿಂದ ಜನರು ಕಲ್ಲೆಸೆದು ಅವನ ಮೂಗನ್ನು ಮುರಿದರು. ಕಡೆಗೆ ಷಿಯಾ ಮುಖಂಡರು ಕ್ಷಮೆ ಬೇಡಿದರು.

1055ರಲ್ಲಿ ಸುನ್ನಿ ಮತದ ಸೆಲ್ಜೂಕರು ನಗರವನ್ನು ಪ್ರವೇಶಿಸಿದರು. ಹಿಜರಿ 450ರ ತರುವಾಯ ಬರಾಥಾದಲ್ಲಿ ಶುಕ್ರವಾರದ ನಮಾಜು ನಿಂತಿತು. 1229ರಲ್ಲಿ ತೀರಿಕೊಂಡ ಯಾಕೂತನು ಅದರ ಗೋಡೆಗಳ ಅವಶೇಷವನ್ನು ಕಂಡಿದ್ದನು. ಅವು ಸಹ ತನ್ನ ಕಾಲದಲ್ಲಿಯೇ ಅಳಿದು ಇತರ ಕಟ್ಟಡಗಳಿಗೆ ಉಪಯೋಗವಾದುವೆಂದು ತಿಳಿಸಿದ್ದಾನೆ. ಬರಾಥಾ ಎಂಬ ಹೆಸರಿನ ಮಸೀದಿಯೊಂದು ಇಂದೂ ಬಗದಾದಿನಲ್ಲಿದೆ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಬರಾಥಾಕ್ಕಾಗಿ ನಡೆದ ಕಲಹವು ಇಟ್ಟಿಗೆಗಾಗಿ ನಡೆದುದಲ್ಲ, ಪ್ರವಚನಪೀಠದಿಂದ ಯಾರ ಹೆಸರನ್ನು ಹೇಳಬೇಕೆಂಬುದಕ್ಕಾಗಿ ನಡೆದುದು. ಕೆಡಹಿದವನೂ ಕಟ್ಟಿದವನೂ ಈ ಒಂದು ವಿಷಯದಲ್ಲಿ ಏಕಾಭಿಪ್ರಾಯದವರಾಗಿದ್ದರು.