ಉಗ್ಗುವವರ ಮಾತಿಗೆ ಕಾಯುವುದೂ ಸೇವೆ
ಬ್ಯಾಂಕಿನ ಕೌಂಟರಿನಲ್ಲಿ ಹೆಸರು ಹೇಳಲು ತಡವರಿಸುತ್ತಿದ್ದ ಯುವಕನೊಬ್ಬನ ಪಾಸ್‌ಬುಕ್ ನೋಡಿ, ಸಹಾಯವೆಂದೇ ತಿಳಿದು ನಾನೇ ಆತನ ಹೆಸರು ಹೇಳಿದ್ದೆ. ಅವನ ಮುಖ ಬಾಡಿತು. ತಪ್ಪು ನನ್ನದೆಂದು ಅರಿವಾದದ್ದು, ಮುಂಬಯಿಯಲ್ಲಿ ಉಗ್ಗುವವರ ಸ್ವಸಹಾಯ ಕೂಟಕ್ಕೆ ಸ್ವಯಂಸೇವಕನಾಗಿ ಹೋಗತೊಡಗಿದ ಮೇಲೆ.

ಅಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿ ಪರಿಚಯಿಸಿಕೊಳ್ಳುತ್ತಾರೆ. ಎಷ್ಟು ಹೊತ್ತಾದರೂ ಇನ್ನೊಬ್ಬರು ಮಾತು ಪೂರ್ತಿ ಮಾಡಕೂಡದು. ಕಷ್ಟದ ಶಬ್ದಕ್ಕೆ ಬದಲಿ ಶಬ್ದ ಹುಡುಕಬಹುದು, ಸ್ವಂತ ಹೆಸರಿಗೆ ಬದಲಿಯಿಲ್ಲ. ಕೆಲವರು ಬೇಕೆಂದೇ ಉಗ್ಗಿ ಅಂಜಿಕೆ ಕಳೆದುಕೊಳ್ಳುತ್ತಾರೆ. ಕುರ್ಚಿ ಹಾಕುವುದು, ಚಹಾ ಹಂಚುವುದು, ಸುಮ್ಮನೆ ಕೇಳುವುದು ಸ್ವಯಂಸೇವಕರ ಕೆಲಸ. ಕೊನೆಯದೇ ಕಷ್ಟ.

ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರು ಉಗ್ಗುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ. ಮಕ್ಕಳಲ್ಲಿ ಕಂಡುಬಂದರೆ ಗದರಿಸದೆ ವಾಕ್ ತಜ್ಞರಿಗೆ ಬೇಗ ತೋರಿಸಬೇಕು. ಇದಕ್ಕೆ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಊರಿನ ಕಡೆ, ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

1998ರಿಂದ ಅಕ್ಟೋಬರ್ 22 ಅಂತಾರಾಷ್ಟ್ರೀಯ ಉಗ್ಗು ಜಾಗೃತಿ ದಿನ. ಅಂದು ನಮ್ಮ ಕನ್ನಡ ಸಂಘಗಳು ಸಭಾಗೃಹವನ್ನು ಎರಡು ತಾಸು ಬಿಟ್ಟುಕೊಟ್ಟರೆ, ಮನೆಯಲ್ಲಿ ಮೌನವಾಗಿರುವ ನಮ್ಮ ಮಕ್ಕಳು ಕನ್ನಡದಲ್ಲೇ ತಮ್ಮ ಪರಿಚಯ ಹೇಳಿಕೊಂಡಾರು. ನಾವು ಮಾಡಬೇಕಾದದ್ದು, ಅವರು ಹೇಳಿ ಮುಗಿಸುವವರೆಗೆ ಕಾಯುವುದು.